ಎಸ್‌ಜಿಪಿಟಿ 76, ಗ್ರೇಡ್ 1 ಫ್ಯಾಟಿ ಲಿವರ್: ನನ್ನ ಲಿವರ್ ಹಾಳಾಗಿದೆಯೇ?

ನೀವು ಕೊಟ್ಟಿರುವ ವಿವರ ಹೀಗಿದೆ: ವಯಸ್ಸು 42, ತೂಕ 78 ಕಿಲೋ, ಕುಡಿಯುವ ಅಭ್ಯಾಸವಿಲ್ಲ. ಎಸ್‌ಜಿಪಿಟಿ 76, ಎಸ್‌ಜಿಒಟಿ 48, ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) 260, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 6.1, ಪ್ಲೇಟ್‌ಲೆಟ್ 2.4 ಲಕ್ಷ. ಬಿಲಿರುಬಿನ್ ಮತ್ತು ಆಲ್ಬುಮಿನ್ ಸರಿಯಾಗಿವೆ. ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬಂದಿದೆ. ಲಿವರ್ ಹಾಳಾಗಿದೆಯೇ, ಟಾನಿಕ್ ಕುಡಿದರೆ ಸಾಕೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ರಕ್ತಪರೀಕ್ಷೆ ಮಾಡುವ ಲ್ಯಾಬ್ ಟೆಕ್ನೀಷಿಯನ್. ವರದಿಯನ್ನು ಓದುವ ಬಗೆಯನ್ನು ಹೇಳಬಲ್ಲೆ. ಚಿಕಿತ್ಸೆಯನ್ನು ನಿಮ್ಮ ವೈದ್ಯರೇ ಹೇಳಬೇಕು.

ಎಸ್‌ಜಿಪಿಟಿ ಲಿವರ್‌ನ ಜೀವಕೋಶಗಳೊಳಗೆ ಇರುವ ಕಿಣ್ವ. ಆ ಕೋಶಗಳಿಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. 76 ಎಂದರೆ ಸೋರಿಕೆ ಇದೆ ಎಂದಷ್ಟೇ ಅರ್ಥ. ಲಿವರ್ ತನ್ನ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಅದು ತಯಾರಿಸುವ ಪ್ರೋಟೀನ್ ಆದ ಆಲ್ಬುಮಿನ್, ಅದು ಹೊರಹಾಕುವ ಹಳದಿ ವಸ್ತುವಾದ ಬಿಲಿರುಬಿನ್ ಮತ್ತು ರಕ್ತ ಹೆಪ್ಪುಗಟ್ಟುವ ಅವಧಿಯನ್ನು ನೋಡಬೇಕು. ನಿಮ್ಮ ವರದಿಯಲ್ಲಿ ಮೊದಲೆರಡು ಚೆನ್ನಾಗಿಯೇ ಇವೆ. ಇದಕ್ಕೆ ವಿರುದ್ಧವಾದ ಸಂಗತಿಯೂ ಒಂದಿದೆ: ಎಸ್‌ಜಿಪಿಟಿ ಪೂರ್ತಿ ಸಹಜವಾಗಿದ್ದವರಲ್ಲೂ ಕೊಬ್ಬು ತುಂಬಿದ ಲಿವರ್ ಇರುತ್ತದೆ. ಹಾಗಾಗಿ ಆ ಒಂದು ಅಂಕಿ ಏರಿತೋ ಇಳಿಯಿತೋ ಎಂದು ನೋಡುತ್ತಾ ಕೂರುವುದರಿಂದ ಪ್ರಯೋಜನ ಕಡಿಮೆ.

ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವ ಇನ್ನಷ್ಟು ಚಂಚಲ. ಅದು ಸ್ನಾಯುಗಳಲ್ಲೂ ಕೆಂಪು ರಕ್ತಕಣಗಳಲ್ಲೂ ಇರುತ್ತದೆ. ಹಿಂದಿನ ದಿನ ಜಿಮ್‌ನಲ್ಲಿ ಭಾರ ಎತ್ತಿದ್ದರೂ ಏರುತ್ತದೆ. ರಕ್ತ ತೆಗೆಯುವಾಗ ಕಣಗಳು ಒಡೆದಿದ್ದರೆ, ಸೆಂಟ್ರಿಫ್ಯೂಜ್‌ನಿಂದ (ರಕ್ತವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ತೆಗೆದ ಟ್ಯೂಬಿನ ಮೇಲ್ಭಾಗದಲ್ಲಿ ತಿಳಿಹಳದಿ ಸೀರಮ್, ಅಂದರೆ ರಕ್ತದ ತಿಳಿಭಾಗ, ಇರಬೇಕಾದ ಕಡೆ ಗುಲಾಬಿ ಬಣ್ಣ ಕಾಣುತ್ತದೆ. ಅಂಥ ಮಾದರಿಯನ್ನು ಬಿಟ್ಟು ಮತ್ತೆ ರಕ್ತ ಕೇಳುತ್ತೇವೆ; ದಯವಿಟ್ಟು ಬೇಸರಿಸಬೇಡಿ. ಟ್ರೈಗ್ಲಿಸರೈಡ್ ವಿಪರೀತ ಏರಿದವರ ಸೀರಮ್ ಮಜ್ಜಿಗೆಯಂತೆ ಬೆಳ್ಳಗಿರುತ್ತದೆ. ಕಣ್ಣಾರೆ ನೋಡಿದವರು ಊಟದ ಬಗ್ಗೆ ಇನ್ನೆಂದೂ ಉದಾಸೀನ ಮಾಡಲಾರರು.

ನಿಜವಾಗಿ ಕೇಳಬೇಕಾದ ಪ್ರಶ್ನೆ, ಲಿವರ್‌ನಲ್ಲಿ ಗಾಯದ ಕಲೆ ಕಟ್ಟುತ್ತಿದೆಯೇ ಎಂಬುದು. ಕೊಬ್ಬು ಕರಗುತ್ತದೆ; ಕಲೆ ಗಟ್ಟಿಯಾಗುತ್ತಾ ಹೋದರೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗುವ ಸ್ಥಿತಿ. ಸ್ಕ್ಯಾನಿಂಗ್‌ನ ಗ್ರೇಡ್ ಇದನ್ನು ಹೇಳುವುದಿಲ್ಲ, ಅದು ಕೊಬ್ಬಿನ ಅಂದಾಜು ಮಾತ್ರ. ಇದಕ್ಕೆ ಫಿಬ್-4 ಎಂಬ ಲೆಕ್ಕವಿದೆ, ಖರ್ಚಿಲ್ಲ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಬಂದದ್ದನ್ನು, ಸಾವಿರದ ಲೆಕ್ಕದಲ್ಲಿ ಬರೆದ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ. ನಿಮ್ಮದು 42×48 ಅಂದರೆ 2016, ಕೆಳಗೆ 240×8.72, ಸುಮಾರು 2092. ಉತ್ತರ 0.96. 1.3ಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನ ಕಲೆ ಇರುವ ಸಂಭವ ಕಡಿಮೆ, 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಬಂದವರಿಗೆ ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬರೆದುಕೊಡುತ್ತಾರೆ. ಮೂವತ್ತೈದರೊಳಗಿನವರಿಗೆ ಈ ಲೆಕ್ಕ ಅಷ್ಟು ನಂಬುವಂತಿಲ್ಲ. 65 ದಾಟಿದವರಿಗೆ ಕೆಳಗಿನ ಗಡಿಯನ್ನು 2 ಎಂದು ಹಿಡಿಯುತ್ತಾರೆ.

ಟಾನಿಕ್ ವಿಷಯ. ಲಿವರ್‌ನ ಕೊಬ್ಬನ್ನು ಕರಗಿಸುತ್ತದೆ ಎಂದು ಸಾಬೀತಾದ ಸಿರಪ್ ಯಾವುದೂ ಇಲ್ಲ. ಅದಕ್ಕಿಂತ ನನಗೆ ಕಳವಳ ತರುವುದು ಮನೆಮದ್ದು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕಷಾಯ ಕುಡಿದ ಕೆಲವರ ಲಿವರ್‌ಗೆ ತೀವ್ರ ಹಾನಿಯಾದದ್ದನ್ನು 2021ರಲ್ಲಿ ಮುಂಬೈನ ವೈದ್ಯರು ದಾಖಲಿಸಿದ್ದಾರೆ. ನೀವು ಯಾವುದಾದರೂ ಕಷಾಯ, ಪುಡಿ, ಜಿಮ್‌ನ ಪೂರಕ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿಲ್ಲದಿದ್ದರೆ ಒಮ್ಮೆ ಮಾಡಿಸಿಕೊಳ್ಳಿ. ಎಲ್ಲವನ್ನೂ ಕೊಬ್ಬಿನ ತಲೆಗೆ ಕಟ್ಟಬಾರದು.

ಕುಡಿಯದವನಿಗೆ ಇದೇಕೆ ಬಂತು ಎಂದು ನೊಂದುಕೊಂಡಿದ್ದೀರಿ. ಉತ್ತರ ನಿಮ್ಮ ವರದಿಯಲ್ಲೇ ಇದೆ: ಎಚ್‌ಬಿಎ1ಸಿ 6.1 ಎಂದರೆ ಮಧುಮೇಹದ ಹೊಸ್ತಿಲು. ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳದಿದ್ದಾಗ, ಹೆಚ್ಚಾದ ಸಕ್ಕರೆ ಮತ್ತು ಪಿಷ್ಟವನ್ನು ಲಿವರ್ ಕೊಬ್ಬಾಗಿ ಮಾರ್ಪಡಿಸುತ್ತದೆ. ಎಣ್ಣೆಯನ್ನು ಪೂರ್ತಿ ಬಿಟ್ಟು ಎರಡು ತಟ್ಟೆ ಅನ್ನ, ಸಿಹಿ ಕಾಫಿ, ಬೇಕರಿ ಬಿಸ್ಕತ್ತು ಮುಂದುವರಿಸಿದರೆ ಫಲವಿಲ್ಲ. ಅನ್ನ ಬಿಟ್ಟು ದೊಡ್ಡ ಮುದ್ದೆ ಹಿಡಿದರೂ ಅದು ಪಿಷ್ಟವೇ. ಪ್ರಮಾಣ ಇಳಿಸಿ, ಆ ಜಾಗಕ್ಕೆ ಪಲ್ಯ, ಕಾಳು, ಮೊಸರು ಬರಲಿ. ಸಕ್ಕರೆಯಿಲ್ಲದ ಫಿಲ್ಟರ್ ಕಾಫಿ ಕುಡಿಯಬಹುದು. ಕಾಫಿ ಕುಡಿಯುವವರಲ್ಲಿ ಲಿವರ್‌ನ ಕಲೆ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿವೆ. ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು, ಅಂದರೆ ಐದೂವರೆಯಿಂದ ಎಂಟು ಕಿಲೋ ಇಳಿದರೆ ಕೊಬ್ಬಿನ ಜೊತೆಗೆ ಉರಿಯೂತವೂ ತಗ್ಗುತ್ತದೆ. ವಾರಕ್ಕೆ ಅರ್ಧ ಕಿಲೋ ಸಾಕು. ಉಪವಾಸ ಬಿದ್ದು ಧಡಾರನೆ ಇಳಿಸಿದರೆ ಲಿವರ್‌ಗೇ ತೊಂದರೆ.

ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮಲ ಕಪ್ಪಗಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಮೂರು ತಿಂಗಳ ನಂತರ ಅದೇ ಲ್ಯಾಬ್‌ನಲ್ಲಿ ಮರುಪರೀಕ್ಷೆ ಮಾಡಿಸಿ, ಏಕೆಂದರೆ ಸಹಜ ಮಿತಿ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ. ಹಿಂದಿನ ರಾತ್ರಿಯಿಂದ ಹನ್ನೆರಡು ಗಂಟೆಗಳ ಕಾಲ ಏನೂ ತಿನ್ನದೆ ಬನ್ನಿ, ನೀರು ಕುಡಿಯಬಹುದು. ಹಳೆಯ ವರದಿ ಜೊತೆಗಿರಲಿ.