ಇಂಗ್ಲಿಷ್ ಮೇಡಂ ಹತ್ರ ಕೇಳಿ: ಧೂಮಕೇತು ಓದಿದ್ರೆ ಇಂಗ್ಲಿಷ್ ಬರುತ್ತಾ?

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ಸೈನ್ಸ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ದಿನಕ್ಕೆ ಹತ್ತು ಪದ ಅಂತ ಡಿಕ್ಷನರಿ ನೋಡಿ ಬರೆದಿಡುತ್ತೇನೆ, ವಾರದೊಳಗೆ ಮರೆತುಹೋಗುತ್ತದೆ. ಬಾಹ್ಯಾಕಾಶದ ಸುದ್ದಿ ಅಂದ್ರೆ ನನಗೆ ತುಂಬಾ ಇಷ್ಟ. ಅದನ್ನೇ ಇಂಗ್ಲಿಷಿನಲ್ಲಿ ಓದಿದರೆ ಪ್ರಯೋಜನ ಆಗುತ್ತಾ? ‘ಇಂಟರ್‌ವ್ಯೂನಲ್ಲಿ ಯಾರೂ ಧೂಮಕೇತು ಬಗ್ಗೆ ಕೇಳಲ್ಲ’ ಅಂತ ಅಣ್ಣ ನಗುತ್ತಾನೆ.
– ವಿದ್ಯಾರ್ಥಿನಿ, ಹೊಸನಗರ ತಾಲ್ಲೂಕು

ಉತ್ತರ: ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ? ಮೊದಲು ಆ ಹತ್ತು ಪದದ ಪಟ್ಟಿ ನಿಲ್ಲಿಸು. ಸಾಗರದ ಕಡೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಾಗ ಅಂಥ ನೋಟ್‌ಬುಕ್ ಎಷ್ಟೋ ನೋಡಿದ್ದೇನೆ. ದುಂಡಗಿನ ಅಕ್ಷರ, ಕೆಂಪು ಗೆರೆ, ಎಲ್ಲ ಇರುತ್ತಿತ್ತು. ಒಂದು ವಾಕ್ಯ ಹೇಳಮ್ಮ ಅಂದರೆ ಬಾಯಿ ಬರುತ್ತಿರಲಿಲ್ಲ.

ಅಣ್ಣ ಹೇಳಿದ್ದು ಅರ್ಧ ಸರಿ. ಪೆರಿಹೀಲಿಯನ್ ಅನ್ನುವುದನ್ನು ಇಂಟರ್‌ವ್ಯೂನಲ್ಲಿ ಯಾರೂ ಕೇಳುವುದಿಲ್ಲ. ಸೂರ್ಯನಿಗೆ ಅತಿ ಹತ್ತಿರ ಬರುವ ಜಾಗ ಅಂತ ಒಂದ್ಸಲ ತಿಳಿದುಕೊಂಡು ಮುಂದೆ ಹೋಗು. ಆದರೆ ಅದರ ಅಕ್ಕಪಕ್ಕ ಏನೇನಿದೆ ನೋಡು. ಅಪ್ರೋಚ್, ಡಿಟೆಕ್ಟ್, ಎಸ್ಟಿಮೇಟ್, ಕನ್‌ಫರ್ಮ್, ರಿಮೇನ್. ಇವು ಬ್ಯಾಂಕಿನಲ್ಲೂ ಬೇಕು, ಆಸ್ಪತ್ರೆಯಲ್ಲೂ ಬೇಕು.

ಧೂಮಕೇತುವಿನ ಸುದ್ದಿಯಲ್ಲಿ ಇನ್ನೊಂದು ಅನುಕೂಲ ಇದೆ. ಅದು ಒಂದೇ ದಿನಕ್ಕೆ ಮುಗಿಯುವುದಿಲ್ಲ. 3ಐ ಅಟ್ಲಾಸ್ ನೆನಪಿದೆಯಾ? 2025ರ ಜುಲೈ 1ರಂದು ಚಿಲಿ ದೇಶದ ಒಂದು ದೂರದರ್ಶಕದ ಕಣ್ಣಿಗೆ ಬಿತ್ತು. ಸೌರಮಂಡಲದ ಹೊರಗಿನಿಂದ ಬಂದದ್ದು ಅಂತ ಗೊತ್ತಾದ ಮೂರನೇ ಕಾಯ ಅದು. 2017ರಲ್ಲಿ ಔಮುವಾಮುವಾ, 2019ರಲ್ಲಿ ಬೋರಿಸೋವ್ ಬಂದಿದ್ದವು. ಅಕ್ಟೋಬರ್ ಕೊನೆಗೆ ಸೂರ್ಯನ ಹತ್ತಿರ ಹೋಯಿತು, ಡಿಸೆಂಬರ್ 19ಕ್ಕೆ ಭೂಮಿಗೆ ಅತಿ ಸಮೀಪ ಬಂತು. ಸಮೀಪ ಅಂದರೆ ಸುಮಾರು 27 ಕೋಟಿ ಕಿಲೋಮೀಟರ್! ಜುಲೈಯ ಸುದ್ದಿಯಲ್ಲಿ ಸ್ಪಾಟೆಡ್, ಟ್ರಾಜೆಕ್ಟರಿ (ಸಾಗುವ ದಾರಿ). ಅಕ್ಟೋಬರಿನಲ್ಲಿ ಅಪ್ರೋಚ್, ಬ್ರೈಟನ್. ಆಮೇಲೆ ಫೇಡ್. ಒಂದೇ ಕಥೆಯನ್ನು ಹಿಂಬಾಲಿಸುತ್ತಾ ಹೋದರೆ ಅವೇ ಪದ ತಿರುಗಿ ತಿರುಗಿ ಸಿಗುತ್ತವೆ. ಬಾಯಿಪಾಠದ ಗೋಜೇ ಇಲ್ಲ. ದಿನಾ ಒಂದು ಹೊಸ ವಿಷಯ ಹುಡುಕಬೇಡ, ಒಂದನ್ನೇ ಹಿಡಿದುಕೋ. ಮೊದಲು ಕನ್ನಡ ಪತ್ರಿಕೆಯಲ್ಲಿ ಓದು, ಆಮೇಲೆ ಅದೇ ಸುದ್ದಿ ಇಂಗ್ಲಿಷಿನಲ್ಲಿ. ವಿಷಯ ಗೊತ್ತಿದ್ದರೆ ಡಿಕ್ಷನರಿಯ ಅರ್ಧ ಕೆಲಸ ತಪ್ಪುತ್ತದೆ.

ನಾನು ಹೇಳಬೇಕು ಅಂದುಕೊಂಡಿರುವ ಮುಖ್ಯ ಮಾತು ಬೇರೆ. ಈ ಸುದ್ದಿಗಳಲ್ಲಿ ನಿಜವಾಗಿ ಕಲಿಯಬೇಕಾದದ್ದು ದೊಡ್ಡ ಪದಗಳನ್ನಲ್ಲ, ಮೇ, ಕುಡ್, ಲೈಕ್ಲಿ, ಎಕ್ಸ್‌ಪೆಕ್ಟೆಡ್ ಟು ಅನ್ನುವ ಪುಟ್ಟವನ್ನು. ನಮ್ಮ ಮಕ್ಕಳು ಇವನ್ನು ಹಾರಿಸಿಕೊಂಡು ಓದುತ್ತಾರೆ. ವಿಜ್ಞಾನಿ ‘ಆಗಬಹುದು’ ಅಂದದ್ದು ಓದುವವರಿಗೆ ‘ಆಗುತ್ತದೆ’ ಅಂತಾಗಿಬಿಡುತ್ತದೆ.

2024 ವೈಆರ್4 ಅನ್ನುವ ಕ್ಷುದ್ರಗ್ರಹದ ಸುದ್ದಿ ಇದಕ್ಕೆ ಒಳ್ಳೆಯ ಪಾಠ. 2024ರ ಡಿಸೆಂಬರ್ ಕೊನೆಯಲ್ಲಿ ಸಿಕ್ಕಿತು. 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರುವರಿ 18ಕ್ಕೆ 3.1 ಪರ್ಸೆಂಟ್‌ವರೆಗೆ ಏರಿತು. ವಾರ ಕಳೆಯುವುದರೊಳಗೆ ಹೆಚ್ಚುಕಮ್ಮಿ ಸೊನ್ನೆಗೆ ಇಳಿಯಿತು. ಕಲ್ಲು ದಾರಿ ಬದಲಿಸಲಿಲ್ಲ. ನೋಡಿದಷ್ಟೂ ಅದರ ದಾರಿ ಸ್ಪಷ್ಟವಾಗುತ್ತಾ ಬಂತು, ಅಷ್ಟೇ. ಅದರ ಹಿಂದೆಯೇ ಸುದ್ದಿಯ ಕ್ರಿಯಾಪದವೂ ಬದಲಾಯಿತು. ಮೊದಲು ಕುಡ್ ಹಿಟ್, ಆಮೇಲೆ ಅನ್‌ಲೈಕ್ಲಿ, ಕೊನೆಗೆ ರೂಲ್ಡ್ ಔಟ್, ಅಂದರೆ ಆ ಸಾಧ್ಯತೆಯೇ ಇಲ್ಲ ಅಂತ. ಆ ಹಳೇ ಸುದ್ದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದು. ಯಾವ ಗ್ರಾಮರ್ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ನೋಟ್‌ಬುಕ್‌ನಲ್ಲಿ ಪದ, ಅರ್ಥ ಅಂತ ಎರಡು ಕಾಲಂ ಮಾಡಬೇಡ. ಇಡೀ ವಾಕ್ಯ ಬರೆದುಕೋ. ಅದರ ಕೆಳಗೆ ನಿನ್ನ ಮನೆಯದೇ ಒಂದು ವಾಕ್ಯ ಬರೆ. ದಿ ಬಸ್ ಈಸ್ ಎಕ್ಸ್‌ಪೆಕ್ಟೆಡ್ ಅಟ್ ಏಯ್ಟ್. ತೋಟದಲ್ಲಿ ಕೊಳೆ ರೋಗ ಕಂಡಿದೆಯಾ? ಇಟ್ ಮೇ ಸ್ಪ್ರೆಡ್. ಜುಲೈ ತಿಂಗಳು ರಾತ್ರಿಯಿಡೀ ಮಳೆ ಹೊಡೆಯುತ್ತಿದೆಯಾ? ಎ ಹಾಲಿಡೇ ಕಾಂಟ್ ಬಿ ರೂಲ್ಡ್ ಔಟ್! ಇದನ್ನು ನೀನು ಮರೆಯಲ್ಲ ಮಾರಾಯ್ತಿ, ಬೇಕಾದರೆ ನೋಡು.

ಪ್ರಶ್ನೆ: ನನಗೆ ಐವತ್ತು ದಾಟಿದೆ, ಅಡಿಕೆ ಬೆಳೆಗಾರ. ಓದಲು ಪುರುಸೊತ್ತಿಲ್ಲ. ಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿಯುತ್ತಾ ಕೇಳಬಹುದಾದ ಇಂಗ್ಲಿಷ್ ಸುದ್ದಿ ಇದೆಯೇ? ಟಿವಿಯವರ ಇಂಗ್ಲಿಷ್ ಬಹಳ ಸ್ಪೀಡು.
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಕಷ್ಟ ಹಳೆಯದು. ವಾಯ್ಸ್ ಆಫ್ ಅಮೆರಿಕ ರೇಡಿಯೊ ಇದಕ್ಕಂತಲೇ 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಶುರು ಮಾಡಿತ್ತು. ಸುಮಾರು 1500 ಪದ, ಚಿಕ್ಕ ವಾಕ್ಯ, ನಿಧಾನದ ದನಿ. ಈಗ ನಿಮ್ಮ ಮೊಬೈಲಿನಲ್ಲೇ ಆ ಉಪಾಯ ಇದೆ. ಯೂಟ್ಯೂಬಿನಲ್ಲಿ ನಾಸಾದ ವಿಡಿಯೊ ಹಾಕಿ, ಸ್ಪೀಡ್ 0.75ಕ್ಕೆ ಇಳಿಸಿ. ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಮನೆಯಲ್ಲಿ ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಿಲ್ಲ. ಒಂದೇ ವಿಡಿಯೊ ಮತ್ತೆ ಮತ್ತೆ ಕೇಳಿ. ಐಸಾನ್ ಧೂಮಕೇತುವಿನಿಂದ ಶುರು ಮಾಡಿ ಅನ್ನುತ್ತೇನೆ. 2012ರಲ್ಲಿ ಪತ್ತೆಯಾಯಿತು, ಶತಮಾನದ ಧೂಮಕೇತು ಆಗಬಹುದು ಅಂತ ಗುಲ್ಲೆದ್ದಿತ್ತು. 2013ರ ನವೆಂಬರ್ 28ರಂದು ಸೂರ್ಯನ ತೀರಾ ಹತ್ತಿರ ಹೋಗಿ ಚೂರುಚೂರಾಯಿತು. ಶುರು, ಕೊನೆ ಎರಡೂ ಇರುವ ಕಥೆ. ಕಿವಿ ಒಂದೆರಡು ಪದ ಬಿಟ್ಟರೂ ಎಳೆ ತಪ್ಪುವುದಿಲ್ಲ. ‘ಭೂಮಿ ನಾಶ’ ಅಂತ ದೊಡ್ಡ ಅಕ್ಷರದಲ್ಲಿ ಬರೆದ ವಿಡಿಯೊ ಮಾತ್ರ ಬೇಡ. ಅದರಲ್ಲಿ ಇಂಗ್ಲಿಷೂ ಇಲ್ಲ, ವಿಜ್ಞಾನವೂ ಇಲ್ಲ.

ಕೈಯಲ್ಲಿ ಮೆಟ್ಟುಗತ್ತಿ ಇದ್ದರೆ ಕಣ್ಣು ಅಡಿಕೆಯ ಮೇಲಿರಲಿ, ಸ್ಕ್ರೀನಿನ ಮೇಲೆ ಬೇಡ.

ಪ್ರಶ್ನೆ: ಆ ಧೂಮಕೇತುವಿನ ಹೆಸರು ಹ್ಯಾಲಿಯೋ, ಹೇಲಿಯೋ? ಮನೆಯಲ್ಲಿ ದೊಡ್ಡ ಚರ್ಚೆ ನಡೆದಿದೆ.
– ಓದುಗರು, ಶಿವಮೊಗ್ಗ

ಉತ್ತರ: ಹ್ಯಾಲಿ. ವ್ಯಾಲಿಗೆ ಪ್ರಾಸ. ಹೇಲಿ ಅನ್ನುವವರು ಇಂಗ್ಲಿಷ್ ನಾಡಿನಲ್ಲೂ ಇದ್ದಾರೆ, ಹಾಗಾಗಿ ತಟ್ಟೆ ಎಸೆಯುವಷ್ಟು ದೂರ ಹೋಗಬೇಡಿ. ಅದು ಹಿಂದೆ ಬಂದದ್ದು 1986ರಲ್ಲಿ, ಮತ್ತೆ ಬರುವುದು 2061ಕ್ಕೆ.