ಮಗಳ ಶ್ವಾಸಕೋಶ ಅಪ್ಪನಿಗೆ ಆಗುತ್ತದೆಯೇ?

ಪ್ರಶ್ನೆ: ಅಪ್ಪನಿಗೆ 58 ವರ್ಷ, ಶ್ವಾಸಕೋಶ ಗಟ್ಟಿಯಾಗುವ ಫೈಬ್ರೋಸಿಸ್. ಅಂಗಳದಿಂದ ಹಟ್ಟಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಾರೆ. ಕರೆಂಟು ಹೋದರೆ ಆಕ್ಸಿಜನ್ ಯಂತ್ರವೂ ನಿಲ್ಲುತ್ತದೆ. ನನ್ನದೊಂದು ಶ್ವಾಸಕೋಶ ಕೊಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಮನಸ್ಸು ದೊಡ್ಡದಮ್ಮಾ. ಆದರೆ ಕಿಡ್ನಿಯ ಹಾಗೆ ಮನೆಯವರಿಂದ ಶ್ವಾಸಕೋಶ ತೆಗೆಯುವ ರೂಢಿ ನಮ್ಮಲ್ಲಿಲ್ಲ. ಮಿದುಳು ನಿಷ್ಕ್ರಿಯಗೊಂಡವರ ಕುಟುಂಬ ಒಪ್ಪಿ ಕೊಡಬೇಕು. ರಕ್ತದ ಗುಂಪಿನ ಜೊತೆ ಎದೆಗೂಡಿನ ಅಳತೆಯೂ ಹೊಂದಬೇಕು. ತೆಗೆದ ಅಂಗವನ್ನು ಸುಮಾರು ಆರು ಗಂಟೆಯೊಳಗೆ ಜೋಡಿಸಬೇಕು, ಹಾಗಾಗಿ ಕರೆ ಬಂದರೆ ನಡುರಾತ್ರಿಯಾದರೂ ಹೊರಡಲೇಬೇಕು. ಹೆಸರು ಬರೆಸುವುದು ಆಸ್ಪತ್ರೆಯ ಕೆಲಸ. ಅಂಗಕ್ಕಾಗಿ ಕಾಯುವವರ ಪಟ್ಟಿಯನ್ನು ಕೇರಳದಲ್ಲಿ ಕೆ-ಸೊಟ್ಟೊ, ಮಂಗಳೂರಿನತ್ತ ಹೋದರೆ ಜೀವಸಾರ್ಥಕತೆ ಎಂಬ ಸರ್ಕಾರಿ ಅಂಗದಾನ ಸಂಸ್ಥೆ ನೋಡಿಕೊಳ್ಳುತ್ತದೆ.

1963ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿ ಜೋಡಿಸಿದಾಗ ರೋಗಿ ಬದುಕಿದ್ದು 18 ದಿನ. ಈಗ ಅರ್ಧದಷ್ಟು ಜನ ಸುಮಾರು 6 ವರ್ಷ ದಾಟುತ್ತಾರೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟಾಕ್ರೋಲಿಮಸ್‌ನಂಥ ಮಾತ್ರೆ ಮಾತ್ರ ಕೊನೆಯವರೆಗೆ ತಪ್ಪದು, ಸೋಂಕಿನ ಭಯವೂ.

ಅಪ್ಪ ಬೀಡಿ ಸೇದುತ್ತಾರೋ, ನೀವು ಬರೆದಿಲ್ಲ (ಮಕ್ಕಳು ಇದೊಂದನ್ನು ಮುಚ್ಚಿಡುತ್ತಾರೆ!). ಬಿಟ್ಟು ಕನಿಷ್ಠ 6 ತಿಂಗಳಾಗದೆ ಪಟ್ಟಿಗೆ ಸೇರಿಸುವುದಿಲ್ಲ. ಪೂರ್ತಿ ಹಾಸಿಗೆ ಹಿಡಿದ ಮೇಲೆ ಹೋದರೂ ಕಷ್ಟವೇ, ಈ ತಿಂಗಳೇ ತೋರಿಸಿ. ಮಳೆಗಾಲಕ್ಕೆ ಮುಂಚೆ ತುಂಬಿದ ಸಿಲಿಂಡರ್ ಒಂದನ್ನು ತಂದಿಡಿ, ಒಲೆಯಿಂದ ದೂರ.