‘ಡೋಂಟ್ ಲುಕ್ ಅಪ್’ ನೋಡಿದವರಲ್ಲಿ ಕೆಲವರು ಹೊಗಳುತ್ತಾರೆ, ಕೆಲವರು ಬೈಯುತ್ತಾರೆ. ಯಾಕೆ?

2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಆಡಮ್ ಮೆಕೇ ಅವರ ಸಿನಿಮಾ ಇದು. ಆರೇ ತಿಂಗಳಲ್ಲಿ ಧೂಮಕೇತು ಭೂಮಿಗೆ ಬಡಿಯುತ್ತದೆ ಅಂತ ಇಬ್ಬರು ವಿಜ್ಞಾನಿಗಳು ಹೇಳುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಧೂಮಕೇತುವಿನ ನೆಪದಲ್ಲಿ ಸಿನಿಮಾ ಹೇಳುತ್ತಿರುವುದು ಹವಾಮಾನ ಬದಲಾವಣೆಯ ಬಗ್ಗೆ.

ಬೈಯುವವರ ದೂರು, ವ್ಯಂಗ್ಯ ತೀರಾ ನೇರವಾಗಿದೆ, ಸಿನಿಮಾ ಎಳೆದ ಹಾಗಿದೆ ಅಂತ. ಎಳೆದಿರುವುದು ನಿಜ. ಆದರೆ ನೇರವಾಗಿರುವುದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಅಮೆರಿಕದ ಅಧ್ಯಕ್ಷೆಯ ಕಚೇರಿಯ ದೃಶ್ಯ ನೋಡಿ. ಬಡಿಯುವ ಸಾಧ್ಯತೆ ಶೇ 99.78 ಅಂತ ವಿಜ್ಞಾನಿಗಳ ಕಡೆಯವರು ಅನ್ನುತ್ತಾರೆ. ಅಧ್ಯಕ್ಷೆ ಅದನ್ನು ಶೇ 70 ಅಂತ ಮಾಡಿ ಮಾತು ಮುಗಿಸುತ್ತಾರೆ. ಹವಾಮಾನ ವಿಜ್ಞಾನಿಗಳಲ್ಲಿ ಹಲವರು ಸಿನಿಮಾವನ್ನು ಮೆಚ್ಚಿದ್ದು ಇಂಥ ದೃಶ್ಯಗಳಿಗೇ. ಅವರು ವರ್ಷಗಟ್ಟಲೆ ಅನುಭವಿಸಿದ್ದು ಇದನ್ನೇ ಅಲ್ವಾ?

ಕೊಡಗಿನಲ್ಲಿ ಕೂತು ನೋಡುವವರಿಗೆ ಇದು ಇನ್ನೂ ಹತ್ತಿರ. ಪಶ್ಚಿಮ ಘಟ್ಟದ ಸೂಕ್ಷ್ಮ ಜಾಗಗಳನ್ನು ಕಾಪಾಡಬೇಕು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ. ಅದಕ್ಕೆ ಸಿಕ್ಕಿದ್ದು ವಿರೋಧವೇ ಜಾಸ್ತಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿಯಿತು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದಲ್ಲಿ ಕುಸಿಯಿತು. ಆದರೂ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಗೋಡೆಯ ಹಾಗೆ ನೇರ ಕಡಿದು ಜಾಗ ಮಾಡುವುದು ನಿಂತಿಲ್ಲ. ಮಳೆ ಶುರುವಾದ ಮೇಲೆ ಅದರ ಮೇಲೊಂದು ಟಾರ್ಪಾಲು ಹೊದಿಸುತ್ತಾರೆ. ಇದನ್ನು ದಿನಾ ನೋಡುವವರಿಗೆ ಸಿನಿಮಾ ಅತಿಯಾಯಿತು ಅಂತ ಹೇಗೆ ಅನ್ನಿಸಬೇಕು?

ಸುಮ್ನೆ ನಗೋಣ ಅಂತ ಕೂತರೆ ಮಧ್ಯದಲ್ಲಿ ಬೇಜಾರಾಗಬಹುದು. ಆಫ್ ಮಾಡಬೇಡಿ. ಕೊನೆಯ ಊಟದ ದೃಶ್ಯದಲ್ಲಿ ನಟನೆ ತುಂಬಾ ಚೆನ್ನಾಗಿದೆ.